ಕಂಟ್ರೋಲ್ ಝಡ್ ಒತ್ತಿದರೆ ಹಾರ

ಜಗತ್ತಿನ ಎಲ್ಲ ಕಂಪ್ಯೂಟರುಗಳಲ್ಲೂ ಕಂಟ್ರೋಲ್ ಝಡ್ ಒತ್ತಿದರೆ ಮಾಡಿದ ತಪ್ಪು ಅಳಿಸಿಹೋಗುತ್ತದೆ. ಇಳಕಲ್ ಬಸ್‌ಸ್ಟ್ಯಾಂಡಿನ ಎದುರಿನ, ಬ್ಯಾನರು ಕಾರ್ಡು ಮಾಡುವ ನಮ್ಮ ಗ್ರಾಫಿಕ್ಸ್ ಅಂಗಡಿಯಲ್ಲಿ ಮಾತ್ರ ಫೋಟೊಗೆ ಹಾರ ಬೀಳುತ್ತಿತ್ತು. ಇದು ನಮ್ಮ ಮಾಲೀಕರಾದ ಶಿರೀಷ ಅವರ ಸಂಶೋಧನೆ.

ಒಂದು ಭಾನುವಾರ ಅವರು ಬಾಗಿಲು ಹಾಕಿಕೊಂಡು ಕುಳಿತು, ಡಿಸೈನ್ ಮಾಡುವ ಸಾಫ್ಟ್‌ವೇರಿನ ಶಾರ್ಟ್‌ಕಟ್‌ಗಳನ್ನೆಲ್ಲ ಬುದ್ಧಿ ಉಪಯೋಗಿಸಿ ಬದಲಾಯಿಸಿದರು. ಸೋಮವಾರ ನಾನು ಬಂದು ನೋಡಿದರೆ, ವರ್ಷಗಟ್ಟಲೆ ನನ್ನ ಬೆರಳಿಗೆ ಗೊತ್ತಿದ್ದ ಒಂದು ಕೀಯೂ ತನ್ನ ಕೆಲಸ ಮಾಡುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿತು.

“ನೋಡ್ರಿ ಕುಮುದಿನಿಯವ್ರ, ನಮ್ಮಲ್ಲೆ ಎಲ್ಲಕಿಂತ ಹೆಚ್ಚ ಬರೂ ಕೆಲಸ ಯಾವ್ದು? ಶ್ರದ್ಧಾಂಜಲಿ ಬ್ಯಾನರ್. ಎಲ್ಲಕಿಂತ ಕೈಗೆ ಹತ್ರ ಇರೂ ಕೀ ಯಾವ್ದು? ಕಂಟ್ರೋಲ್ ಝಡ್. ಒಮ್ಮೆ ಒತ್ತಿದ್ರ ಹಾರ, ದೀಪ, ಎಲ್ಲಾ ತಮ್ಮಷ್ಟಕ್ಕ ತಾವ ಬಂದ ಕೂಡ್ತಾವ” ಎಂದರು ಶಿರೀಷ.

“ತಪ್ಪಾದ್ರ ಹಿಂದಕ್ಕ ಹೋಗೂದು ಹೆಂಗ್ರಿ?”

“ತಪ್ಪ ಯಾಕ ಮಾಡಬೇಕು?”

ತಪ್ಪು ಮಾಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡು ಕೆಲಸಕ್ಕೆ ಕುಳಿತೆ. ಅಂದು ಮಧ್ಯಾಹ್ನದೊಳಗೆ ಮೊದಲ ಕೂದಲು ತೆಗೆಸುವ ಜಾವಳದ ಕಾರ್ಡಿನ ಕೂಸಿಗೂ, ಸೀರೆ ಅಂಗಡಿಯ ಜಾಹೀರಾತಿನಲ್ಲಿ ಸೆರಗು ಹೊತ್ತು ನಗುತ್ತಿದ್ದ ಹುಡುಗಿಗೂ ನಾನು ಹಾರ ಹಾಕಿಬಿಟ್ಟಿದ್ದೆ. ಪುಣ್ಯಕ್ಕೆ ಕಣ್ಣಿಗೆ ಬಿತ್ತು, ತೆಗೆದೆ.

ಶಿರೀಷ ಅವರ ಈ ಉತ್ಸಾಹದ ಹಿಂದೆ ಒಂದು ಸಂಕಟವಿತ್ತು. ಬಾದಾಮಿಯಲ್ಲಿರುವ ಅವರ ಮಾವ ಪಂಢರೀನಾಥ, ನಿವೃತ್ತ ಗಣಿತದ ಮಾಸ್ತರರು, ಮದುವೆಯಾದಾಗಿನಿಂದ ನಮ್ಮ ಗ್ರಾಫಿಕ್ಸನ್ನು ‘ಅಳಿಯಂದ್ರ ಝೆರಾಕ್ಸ್ ಅಂಗಡಿ’ ಎಂದೇ ಕರೆಯುತ್ತ ಬಂದಿದ್ದರು. ಬೀಗರ ಎದುರು, ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ. ಒಂದೇ ಒಂದು ಸಲ ಅವರ ಬಾಯಿಂದ ‘ಗ್ರಾಫಿಕ್ಸ್’ ಎಂಬ ಮಾತು ಕೇಳಬೇಕೆಂಬುದು ಈ ಅಳಿಯನ ಜೀವದ ಆಸೆ. ಈಗ ಮಾವನವರ ಸಹಸ್ರಚಂದ್ರ ದರ್ಶನ ಬಂದಿತ್ತು, ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ. ಅದರ ಬ್ಯಾನರು ತಾವೇ ಮಾಡುತ್ತೇನೆಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ನಾನು ಆಚೆ ಝೆರಾಕ್ಸ್ ತೆಗೆಯುತ್ತ ನಿಂತೆ.

ಮಾವನ ಫೋಟೊ ಇಟ್ಟರು, ಮೇಲೆ ಚಂದ್ರನನ್ನು ಇಟ್ಟರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಳಿದ ದಿನವೆಲ್ಲ ಹೋದದ್ದು ಕೆಳಗಿನ ಮೂಲೆಯ ‘ಅಳಿಯಂದಿರು ಶಿರೀಷ’ ಎಂಬ ಸಾಲಿಗೆ. ಆ ಮೂಲೆಯೊಂದನ್ನೇ ಪರದೆಯ ತುಂಬ ದೊಡ್ಡದು ಮಾಡಿಕೊಂಡು ಹೆಸರಿಗೆ ಬಂಗಾರದ ಬಣ್ಣ ಬಳಿದರು. ಮನಸ್ಸಿಗೆ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಬೆರಳು ಕಂಟ್ರೋಲ್ ಝಡ್ ಒತ್ತಿತು. ಬಣ್ಣ ಹೋಗಲಿಲ್ಲ. “ಧೂಳ ಹೊಕ್ಕದ ನೋಡ್ರಿ ಕೀಬೋರ್ಡಿನ್ಯಾಗ” ಎಂದು ಊದಿ, ಇನ್ನೆರಡು ಸಲ ಒತ್ತಿದರು. ಆಮೇಲೆ ಬೇರೆ ಬಣ್ಣ ಬಳಿದು, ತಮ್ಮ ಹೆಸರನ್ನು ಕಣ್ತುಂಬ ನೋಡಿ, ಇಡೀ ಬ್ಯಾನರನ್ನು ಮತ್ತೆ ನೋಡದೆ ಫೈಲನ್ನು ಹಾಗೆಯೇ ಬಾಗಲಕೋಟೆಗೆ ಕಳಿಸಿದರು.

ಅಲ್ಲಿನ ಪ್ರಿಂಟಿನವರಿಗೆ ನಮ್ಮಿಂದ ದಿನವೂ ಹೋಗುವುದು ಹಾರದ ಬ್ಯಾನರುಗಳೇ. ಅವರೇಕೆ ಕೇಳುತ್ತಾರೆ? ಫ್ಲೆಕ್ಸ್ ಸುರುಳಿಯಾಗಿ ನೇರ ಬಾದಾಮಿ ಬಸ್ಸು ಹತ್ತಿತು. ಶಾಂತಿ ನಡೆಯಲಿದ್ದ ಮಂಗಲ ಕಾರ್ಯಾಲಯದವರು ಬೆಳಗಾಗುವುದರೊಳಗೆ ಅದನ್ನು ಬಾಗಿಲ ಮೇಲೆ ಕಟ್ಟಿದ್ದರು.

ಶಿರೀಷ ಅವರೂ ನಾನೂ ಹೋಗಿ ಇಳಿದಾಗ ಬ್ಯಾನರಿನ ಕೆಳಗೆ ಒಬ್ಬ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದ. ಮಾವನವರ ಹಳೆಯ ವಿದ್ಯಾರ್ಥಿ ಹನಮಪ್ಪನಂತೆ. ಮೇಲೆ, ಒಂದರ ಮೇಲೊಂದು ಮೂರು ಹಾರ ಹೇರಿಕೊಂಡು, ಎಡಬಲಕ್ಕೆ ದೀಪ ಹಚ್ಚಿಸಿಕೊಂಡು ಪಂಢರೀನಾಥರು ನಗುತ್ತಿದ್ದರು. ಮೂಲೆಯಲ್ಲಿ ಅಳಿಯನ ಹೆಸರು ಬಹಳ ಚಂದ ಬಂದಿತ್ತು.

“ಭಾಳ ಛಲೋ ಲೆಕ್ಕ ಹೇಳಿಕೊಡ್ತಿದ್ರು ನಮ್ಮ ಮಾಸ್ತರು” ಎಂದು ಹನಮಪ್ಪ ಕಣ್ಣೊರೆಸಿಕೊಂಡ.

“ಹಂಗಾದ್ರ ಇಷ್ಟ ದಿನಾ ಒಮ್ಮೆರೆ ಯಾಕ ಬರ್ಲಿಲ್ಲೋ?”

ರೇಷ್ಮೆ ಮಡಿ ಉಟ್ಟ ಪಂಢರೀನಾಥರೇ ಬಾಗಿಲಲ್ಲಿ ನಿಂತಿದ್ದರು. ಹನಮಪ್ಪ ಚಪ್ಪಲಿ ಅಲ್ಲೇ ಬಿಟ್ಟು ರಸ್ತೆ ದಾಟಿದ.

ನಾನು ಹೊಟ್ಟೆ ತುಂಬ ನಗಬೇಕೆಂದುಕೊಂಡೆ. ಆದರೆ ಶಿರೀಷ ಅವರನ್ನು ನೋಡಿ ಪಾಪ ಅನಿಸಿತು. ಅವರ ಎಡಗೈಯ ಎರಡು ಬೆರಳು ಪ್ಯಾಂಟಿನ ಮೇಲೆ ತಮ್ಮಷ್ಟಕ್ಕೆ ತಾವೇ ಒತ್ತುತ್ತಿದ್ದವು. ಅದೇ ಕೀ.

ಪಂಢರೀನಾಥರು ಕನ್ನಡಕ ಏರಿಸಿಕೊಂಡು ಬ್ಯಾನರಿನಲ್ಲಿದ್ದ ತಮ್ಮನ್ನು ತಾವೇ ನೋಡಿದರು.

“ಅಳಿಯಂದ್ರ, ನಂದ ತಪ್ಪಾತು. ನಿಮ್ದು ಝೆರಾಕ್ಸ್ ಅಂಗಡಿ ಅಲ್ಲ. ಝೆರಾಕ್ಸಿನ್ಯಾಗ ಇದ್ದದ್ದ ಇದ್ದಂಗ ಬರ್ತದ. ಇದು ಖರೆನ ಗ್ರಾಫಿಕ್ಸ್.”

ಶಿರೀಷ ಅವರು ತಲೆ ಎತ್ತಲಿಲ್ಲ. ಬಗ್ಗಿ ನಮಸ್ಕಾರ ಮಾಡಿ, ಬ್ಯಾನರು ಬಿಚ್ಚಲು ಏಣಿ ತರಲು ಹೊರಟರು.

“ಬಿಚ್ಚರಿ, ಆದ್ರ ಹರೀಬ್ಯಾಡ್ರಿ” ಎಂದರು ಮಾವ. “ಸುತ್ತಿ ಅಟ್ಟದ ಮ್ಯಾಲೆ ಇಡ್ರಿ. ಮುಂದ ಮತ್ತೊಮ್ಮೆ ನಿಮಗ ತ್ರಾಸ ಯಾಕ?”