ಮೇದಾರ ಓಣಿಯ ದಾರಿ ಕಾಯ್ದ ಕಾಗದ

ನಾನು ಒಂದು ಕಾಗದ. ಆನೆ ಒರಗಿದರೂ ಅಲುಗದ ಕಲ್ಲುಗೋಡೆಯನ್ನು ಒಂದೇ ಬೆಳಿಗ್ಗೆ, ಒಬ್ಬನೇ, ಹಣೆಯಿಂದ ಗುದ್ದಿ ಆರು ಅಡಿ ಅಗಲ ಸೀಳಿದ ಕಾಗದ. ನಗಬೇಡಿ. ಗುಡ್ಡದ ಮೇಲಿನ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದರೆ ಆ ಸೀಳು ಈಗಲೂ ಕಾಣುತ್ತದೆ.

ನಾನು ಹುಟ್ಟಿದ್ದು ೧೯೬೭ರಲ್ಲಿ, ಕುಲಪತಿ ಚನ್ನವೀರಪ್ಪ ಮೊರಬದ ಅವರ ಕಚೇರಿಯ ಟೈಪ್‌ರೈಟರಿನಲ್ಲಿ. ಟೈಪಿಸ್ಟ್ ಪದ್ಮಾಬಾಯಿಯವರ ಹತ್ತು ಬೆರಳುಗಳು ನನ್ನ ಮೇಲೆ ಸಿಡಿಲಿನಂತೆ ಬಿದ್ದವು. ಬೇರೆ ಕಾಗದವಾಗಿದ್ದರೆ ಚಿಂದಿಯಾಗುತ್ತಿತ್ತು; ನಾನು ಕೆಮ್ಮಲೂ ಇಲ್ಲ. ಮಿಕ್ಕವರ ಅಕ್ಷರಗಳು ಇದ್ದಿಲಿನಂತೆ ಕಪ್ಪು, ನನ್ನವು ಮಾತ್ರ ಮುಗಿಲಿನಂತೆ ನೀಲಿ. ಇದರಿಂದಲೇ ನನ್ನ ಮನೆತನ ಎಂಥದ್ದೆಂದು ತಿಳಿಯಿರಿ. ಮೈ ತುಸು ತೆಳು, ನಿಜ. ಪೈಲ್ವಾನರೆಲ್ಲ ದಪ್ಪಗಿರಬೇಕೆಂದು ಎಲ್ಲಿ ಬರೆದಿದೆ?

ಮೊರಬದ ಸಾಹೇಬರಿಗೆ ವಿಶ್ವವಿದ್ಯಾಲಯವೊಂದೇ ಸಾಲುತ್ತಿರಲಿಲ್ಲ. ಊರಿನ ವಾಚನಾಲಯ, ನಳದ ನೀರಿನ ಸಮಿತಿ, ಹೆರಿಗೆ ಆಸ್ಪತ್ರೆ, ಎಲ್ಲ ಕಡೆಯೂ ಅವರಿಗೊಂದು ಕುರ್ಚಿ. ಮಧ್ಯಾಹ್ನದ ತನಕ ಪ್ರಾಧ್ಯಾಪಕರ ಜಗಳ ಬಿಡಿಸುವರು, ಆಮೇಲೆ ಊರಿನವರದು. ಆ ವರ್ಷ ವಿಶ್ವವಿದ್ಯಾಲಯದ ಸುತ್ತ ಕಾಂಪೌಂಡು ಏಳುತ್ತಿತ್ತು. ಅದು ಪೂರ್ತಿಯಾದರೆ, ಗುಡ್ಡದ ಬುಡದ ಮೇದಾರ ಓಣಿಯವರು ತಲೆಯ ಮೇಲೆ ಬುಟ್ಟಿ ಹೊತ್ತು ಎರಡು ಮೈಲಿ ಸುತ್ತಿ ಸಂತೆಗೆ ಹೋಗಬೇಕು. ಬುಟ್ಟಿ ಹೆಣೆಯುವ ಕೇತವ್ವ ಎಂಬ ಹರೆಯದ ಹೆಣ್ಣುಮಗಳು ಸಾಹೇಬರ ಮುಂದೆ ಗೋಳಾಡಿದಳು. ನಾನು ಅವರ ಕಿವಿಯಲ್ಲಿ ಉಪಾಯ ಉಸುರಿದೆ. ಆಗ ನಾನಿನ್ನೂ ಖಾಲಿ ಹಾಳೆ. ಆದರೆ ಬುದ್ಧಿವಂತ ಖಾಲಿ ಹಾಳೆ.

ಅವರು ನಗರಸಭೆಗೆ ಪತ್ರ ಹೇಳಿ ಬರೆಸತೊಡಗಿದರು. ಓಣಿಯವರ ಓಡಾಟಕ್ಕೆ ವಿಶ್ವವಿದ್ಯಾಲಯ ಆರು ಅಡಿ ಜಾಗ ಬಿಡುತ್ತದೆ, ಹೊರಗಿನ ಹಾದಿಯನ್ನು ನಗರಸಭೆ ಮಾಡಿಸಬೇಕು ಎಂಬುದು ಸಾರಾಂಶ. ಪದ್ಮಾಬಾಯಿ ನಡುವೆ ಕೈ ತಡೆದು ಕೇಳಿದರು: "ಸರ, 'ಸದ್ಯಕ್ಕ' ಅಂತ ಹೊಡೀಲ್ಯೋ, 'ಕಾಯಂ' ಅಂತ ಹೊಡೀಲ್ಯೋ?"

"ಕಾಯಂ ಅಂತ ಹೊಡೀರಿ, ಬಾಯಿ. ನಾವಂತೂ ಕಾಯಂ ಅಲ್ಲ, ದಾರಿಯಾದ್ರೂ ಇರ್ಲಿ."

ಆ ಒಂದು ಪದವನ್ನು ನನ್ನ ಮೈಮೇಲೆ ಹೊರಿಸಿದ ಇಬ್ಬರಿಗೂ ನಾನು ಏಳೇಳು ಜನ್ಮ ಋಣಿ.

ಮರುದಿನ ನಗರಸಭೆಗೆ ನನ್ನ ಸವಾರಿ. ಅಧ್ಯಕ್ಷರು ಎದ್ದು ನಿಂತರು, ಕುರ್ಚಿ ಕೊಟ್ಟರು, ಹಾರ ಹಾಕಿದರು, ಸದಸ್ಯರೆಲ್ಲ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿರುಗುವಾಗ ಹಾದಿಯಲ್ಲೇ ಗೋಡೆ ಸೀಳಿಬಂದೆ. ದಣಿವಾಗಿ ಫೈಲಿನಲ್ಲಿ ಮಲಗಿದೆ.

ಸಾಹೇಬರು ನಿವೃತ್ತರಾದಾಗ ನನ್ನನ್ನು ಮನೆಗೆ ಒಯ್ದು ಟ್ರಂಕಿನಲ್ಲಿಟ್ಟರು. ಅಲ್ಲಿ ನಲವತ್ತು ಇಲಿಗಳನ್ನು ನನ್ನ ಒಂದು ಮೂಲೆಯಿಂದಲೇ ಚುಚ್ಚಿ ಓಡಿಸಿದೆ. ಅವರು ತೀರಿಕೊಂಡ ಮೇಲೆ ಮಗಳು ಹದಿನಾಲ್ಕು ಪೆಟ್ಟಿಗೆ ಕಾಗದಗಳನ್ನು ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಕೊಟ್ಟಳು. ಅಲ್ಲಿನ ಶಾಹೀನಬಾನು ನದಾಫ್ ನನ್ನ ಕಿವಿಗೆ ತುಕ್ಕು ಹಿಡಿದು ಅಂಟಿದ್ದ ಗುಂಡುಪಿನ್ನನ್ನು ನೋವಾಗದಂತೆ ಬಿಡಿಸಿದರು, ಮೆತ್ತನೆಯ ಕುಂಚದಿಂದ ಧೂಳು ಒರೆಸಿ ಒಂಬತ್ತನೆಯ ಪೆಟ್ಟಿಗೆಯಲ್ಲಿ ಮಲಗಿಸಿದರು. ಹೆತ್ತವಳೂ ಅಷ್ಟು ಜೋಪಾನ ಮಾಡಿರಲಿಲ್ಲ.

ಹೋದ ವರ್ಷ ಹೊಸ ಕುಲಸಚಿವರು, ಭದ್ರತೆಗಾಗಿ ಆ ದಾರಿಗೂ ಗೋಡೆ ಹಾಕಬೇಕೆಂದು ಆದೇಶ ಹೊರಡಿಸಿದರು. ಓಣಿಯವರು ಅದು ಕಾಯಂ ಬಿಟ್ಟ ದಾರಿ ಎಂದರು. ಹಾಗಾದರೆ ಸೋಮವಾರದೊಳಗೆ ಬರಹ ತೋರಿಸಿ, ಇಲ್ಲವಾದರೆ ಗೌಂಡಿಗಳು ಬರುತ್ತಾರೆ ಎಂದರು ಕುಲಸಚಿವರು. ನಗರಸಭೆಯಲ್ಲಿ ಕೇಳಿದರೆ ಹಳೆಯ ದಫ್ತರವನ್ನೆಲ್ಲ ಗೆದ್ದಲು ತಿಂದುಹೋಗಿತ್ತು. ಎಪ್ಪತ್ತೈದು ದಾಟಿದ ಕೇತವ್ವ ಕೋಲೂರಿಕೊಂಡು ಪತ್ರಾಗಾರದ ಮೆಟ್ಟಿಲು ಹತ್ತಿದಳು. ಶಾಹೀನಬಾನು ಮೂರು ದಿನ ಪೆಟ್ಟಿಗೆಗಳನ್ನು ಜಾಲಾಡಿ ನನ್ನನ್ನು ಹೊರತೆಗೆದರು.

ಸೋಮವಾರ ಕುಲಸಚಿವರು ನನ್ನನ್ನು ಬೆಳಕಿಗೆ ಹಿಡಿದು, ಸಹಿ ಎಲ್ಲಿದೆ ಎಂದು ಕೇಳಿದರು. ನನ್ನ ಜೀವ ಬಾಯಿಗೆ ಬಂತು.

"ಸಹಿ ಮಾಡಿದ್ದು ನಗರಸಭೆಗೆ ಹೋಗೇತ್ರಿ ಸರ," ಎಂದರು ಶಾಹೀನಬಾನು. "ಇದು ಬರೇ ಕಾರ್ಬನ್ ಪ್ರತಿ, ನಗರಸಭೆಗೆ ಹೋಗೇ ಇಲ್ಲ. ಆದ್ರ ಇದರ ಮ್ಯಾಲಿನ ಜಾವಕ ನಂಬರ ನೋಡ್ರಿ."

ಅವರು ಕಚೇರಿಯಿಂದ ಹೊರಹೋದ ಪತ್ರಗಳ ಹಳೆಯ ವಹಿಯನ್ನು ಮೇಜಿನ ಮೇಲೆ ಬಿಡಿಸಿದರು. ಅದೇ ನಂಬರು, ಅದೇ ತಾರೀಖು. ಆಮೇಲೆ ನನ್ನ ಎರಡನೆಯ ಪ್ಯಾರಾ ಓದಿದರು. ಅಷ್ಟು ಕೆಳಗಿನ ತನಕ ಯಾರೂ ಓದುವುದಿಲ್ಲವೆಂದು ನಾನು ಇಷ್ಟು ವರ್ಷ ಧೈರ್ಯವಾಗಿದ್ದೆ. ಆ ಜಾಗದಲ್ಲಿ ಕೇತವ್ವ ಎಂಬ ಹೆಣ್ಣುಮಗಳು ಎರಡು ದಿನದಿಂದ ಕುಳಿತಿದ್ದಾಳೆ, ಎಬ್ಬಿಸಲು ಯಾರಿಗೂ ಮನಸ್ಸಿಲ್ಲ, ಅವಳ ಮಾತು ನ್ಯಾಯವಾದದ್ದು ಎಂದು ಅದರಲ್ಲಿತ್ತು.

"ಖರೇ ಏನಬೇ ಆಯಿ? ಎರಡು ದಿನ ಅಲ್ಲೇ ಕುಂತಿದ್ದೆಲ್ಲಾ?" ಎಂದು ಶಾಹೀನಬಾನು ಪಕ್ಕದಲ್ಲಿದ್ದ ಕೇತವ್ವನನ್ನು ಕೇಳಿದರು.

"ಸುಮ್ಮ ಎಲ್ಲಿ ಕುಂತಿದ್ನಿ ಯವ್ವಾ," ಎಂದಳು ಕೇತವ್ವ. "ಏಳು ಬುಟ್ಟಿ ಹೆಣದ್ನಿ."

ಕುಲಸಚಿವರು ನಕ್ಕರು. ಆದೇಶವನ್ನು ಹಿಂದಕ್ಕೆ ಪಡೆದರು. ಕೇತವ್ವ ನನ್ನ ಅಂಚನ್ನು ಎರಡು ಬೆರಳಲ್ಲಿ ಸವರಿ, ಇಷ್ಟು ತೆಳ್ಳಗಿದ್ದಾನಲ್ಲ ಇವನು ಎಂದು ಮರುಗಿದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. ನಗರಸಭೆಗೆ ಹೋದವನು ನನ್ನ ಅಣ್ಣ, ದಪ್ಪ ಹಾಳೆಯ ಮೂಲಪತ್ರ. ಅವನಿಗೆ ಕುರ್ಚಿ ಕೊಟ್ಟರೋ ಇಲ್ಲವೋ ನಾನು ಕಾಣೆ; ಗೆದ್ದಲು ಹಿಡಿದು ಹೋದ, ಪಾಪ. ನಾನು ಅವನ ಬೆನ್ನ ಹಿಂದೆ, ಕಾರ್ಬನ್ನಿನ ಅಡಿಯಲ್ಲಿ ಬೆಚ್ಚಗಿದ್ದವನು. ಸಿಡಿಲೆಲ್ಲ ಬಿದ್ದದ್ದು ಅವನ ಮೈಮೇಲೆ. ಟ್ರಂಕಿಗೆ ಬಂದದ್ದು ಒಂದೇ ಇಲಿ. ಅದು ಮೂಸಿ ನೋಡಿ ಹೋಯಿತು. ಗೋಡೆಯನ್ನೂ ನಾನು ಸೀಳಲಿಲ್ಲ. ಯಾರೂ ಸೀಳಲಿಲ್ಲ. ಆ ಆರು ಅಡಿಯಲ್ಲಿ ಗೋಡೆ ಎದ್ದೇ ಇರಲಿಲ್ಲ. ಅಲ್ಲಿ ಕೇತವ್ವ ಕೂತಿದ್ದಳು. ಗೌಂಡಿಗಳು ಅವಳನ್ನು ಬಿಟ್ಟು ಆಚೆಗೂ ಈಚೆಗೂ ಕಟ್ಟಿದರು.