ಎರಡನೇ ರೀಲಿನ ಮಾತು

ಬೆಳಕು ಪರದೆಗೆ ಬಿದ್ದೊಡನೆ ನಾಯಕಿಯ ಕೆಳತುಟಿಯ ಮೇಲೆ ಆ ಹೊಲಿಗೆ, ಹೋದ ವರ್ಷ ಉಬೋನ್ ಊರಿನ ಕಡೆ ಗಾಳಿಗೆ ಹರಿದ ಪರದೆಬಟ್ಟೆ, ಹೊಲಿದವಳು ನಾನೇ, ಸರಿಯಾಗಿ ತುಟಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು — ಈ ಸಿನಿಮಾಗಳಿಗೆ ಸ್ವಂತ ಧ್ವನಿಯಿಲ್ಲ, ಊರೂರಿನ ಬೌದ್ಧ ವಿಹಾರದಂಗಳದಲ್ಲಿ ಪರದೆಯ ಗಂಡಸರಿಗೆಲ್ಲ ನನ್ನ ಜೊತೆಗಾರ ಕಾಮ್‌ಸಿಂಗ್ ಮಾತಾಡುತ್ತಾನೆ, ಹೆಂಗಸರಿಗೆಲ್ಲ ನಾನು, ಇಬ್ಬರಿಗೂ ಒಂದೇ ಮೈಕು, ಇವತ್ತು ನಮ್ಮೂರಲ್ಲೇ ಆಟ — ಎದುರಿನ ಚಾಪೆಯಲ್ಲಿ ನನ್ನ ಮಗಳು ಸಾಯ್‌ಪಿನ್, ತೊಡೆಯ ಮೇಲೆ ಕೂಸು, ಅವಳ ತುಟಿಯೂ ಅಲ್ಲೇ ಒಡೆದಿದೆ, ನಿನ್ನೆ ಗಂಡನ ಮನೆಯಿಂದ ನಡೆದೇ ಬಂದಳು, ಬೆಳಿಗ್ಗೆ ಬುಟ್ಟಿಯಿಂದ ಅಂಟಕ್ಕಿ ಅನ್ನ ತೆಗೆದುಕೊಡುತ್ತಾ ನಾನು ಏನಂದೆ, ತಾಳ್ಕೊಳೇ, ಗಂಡಸಿನ ಸಿಟ್ಟು ಒಲೆ ಉರಿ ಇದ್ದಂಗೆ, ಹೆಂಡ್ತಿ ಕಣ್ಣೀರಿಗೆ ಆರತ್ತೆ, ಅವಳು ತುತ್ತು ಕೆಳಗಿಟ್ಟು ನಕ್ಕಳು, ನಕ್ಕಾಗ ತುಟಿ ಮತ್ತೆ ಬಿರಿಯಿತು, ಅಮ್ಮಾ, ಇದು ಎರಡನೇ ರೀಲಿನ ಮಾತಲ್ವಾ, ಧ್ವನೀನೂ ಅದೇ ತೆಗೀತೀಯಲ್ಲ — ಹೌದು, ಅದೇ ಧ್ವನಿ, ಮೂಗಿನಲ್ಲಿ ತುಸು ನಡುಗಿಸಿ, ಊರ ಹೆಂಗಸರೆಲ್ಲ ಅಳುವಂಥದ್ದು, ಇವಳನ್ನು ಸಾಕಿದ್ದೂ ಅದೇ ಧ್ವನಿ, ಮುಖ ತೊಳೆಯುವ ನೆಪದಲ್ಲಿ ಎದ್ದೆ, ಎದ್ದು ಮಾಡಿದ್ದೇನು, ಅಳಿಯನಿಗೆ ಹೇಳಿಕಳಿಸಿದೆ, ಸಂಜೆ ಬಂದು ಕರ್ಕೊಂಡು ಹೋಗಪ್ಪಾ ಎಂದು, ಬಂದಿದ್ದಾನೆ, ಹುಣಸೆಮರದಡಿ ಅವನ ಸಿಗರೇಟಿನ ಕೆಂಡ, ಇದಕ್ಕೂ ಮೊದಲು, ಇವತ್ತೇ ಬೆಳಿಗ್ಗೆ, ಭಿಕ್ಷುವಿನೆದುರು ಕೂತು ಸುಳ್ಳಾಡೆನು ಎಂದು ಶೀಲದ ವ್ರತ ತೆಗೆದುಕೊಂಡು ಬಂದಿದ್ದೆ, ಈ ಬಾಯಿಂದಲೇ — ಪಕ್ಕದ ಮನೆ ಮುದುಕಿ ಹಿಂದಿನಿಂದ ಪರದೆಯ ನಾಯಕಿಯನ್ನು ತೋರಿಸಿ, ನೋಡೇ ಸಾಯ್‌ಪಿನ್, ಹೆಣ್ಣಂದ್ರೆ ಹಿಂಗಿರ್ಬೇಕು, ನೀನೋ ಹಗ್ಗ ಕಿತ್ಕೊಂಡ ಎಮ್ಮೆ, ಜನ ನಗುತ್ತಾರೆ, ಸಾಯ್‌ಪಿನ್ ನಗುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ, ನನ್ನ ಬಾಯಿಯನ್ನೇ ನೋಡುತ್ತಾಳೆ — ಪರದೆಯಲ್ಲಿ ನಾಯಕಿಯ ಕಪಾಳಕ್ಕೆ ಏಟು, ಕಾಮ್‌ಸಿಂಗ್ ಅಂಗೈಗೆ ಅಂಗೈ ಬಡಿದು ಸದ್ದು ಕೊಟ್ಟ, ಗಂಡನ ಧ್ವನಿಯಲ್ಲಿ ತೊಲಗೇ ಎಂದ, ಮೈಕು ನನ್ನತ್ತ ತಿರುಗಿಸಿದ, ನಾಯಕಿ ಕಾಲು ಹಿಡಿದಿದ್ದಾಳೆ, ತಪ್ಪು ನನ್ನದೇ ಎನ್ನಬೇಕು, ಹೊಡೆದ ಕೈ ನೊಂದಿತೇ ಎನ್ನಬೇಕು, ಎಷ್ಟು ಊರಲ್ಲಿ ಅಂದಿದ್ದೇನೆ, ಇವಳನ್ನು ಮಡಿಲಲ್ಲಿ ಮಲಗಿಸಿಕೊಂಡೇ ಅಂದಿದ್ದೇನೆ — ಅಕ್ಕಾ, ಮಾತು, ಎಂದು ಕಾಮ್‌ಸಿಂಗ್ ಪಿಸುಗುಟ್ಟುತ್ತಾನೆ, ಏನ್ರೋ, ಮೈಕ್ ಕೆಟ್ಟೋಯ್ತಾ, ಎಂದು ಯಾರೋ ಕೂಗುತ್ತಾರೆ, ಮರದಡಿಯ ಕೆಂಡ ನೆಲಕ್ಕೆ ಬಿದ್ದು ಆರಿತು, ಅಳಿಯ ಚಾಪೆಗಳ ನಡುವೆ ಬರುತ್ತಿದ್ದಾನೆ, ಸಾಯ್‌ಪಿನ್ ಕೂಸನ್ನೆತ್ತಿಕೊಂಡು ಎದ್ದಳು, ಇನ್ನೂ ನನ್ನನ್ನೇ ನೋಡುತ್ತಾಳೆ, ಹೋಗಬೇಡ ಮಗಳೇ ಎನ್ನಬೇಕು, ಇಷ್ಟೇ, ಮೈಕು ಬಾಯಿಯೆದುರೇ ಇದೆ, ಯಾವ ಧ್ವನಿಯಲ್ಲಿ, ಸಿನಿಮಾದ ಮುದುಕಿಯದು ಬರುತ್ತದೆ, ಅತ್ತೆಯದು ಬರುತ್ತದೆ, ಅಳುವ ಹೆಂಡತಿಯದು ಬರುತ್ತದೆ, ನನ್ನದು, ನನ್ನದು ಯಾವುದು — ಪರದೆಯ ಮೇಲೆ ನಾಯಕಿಯ ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ, ತುಟಿಯ ಮೇಲೆ ಆ ಹೊಲಿಗೆ, ನಾನು ಹಾಕಿದ ಹೊಲಿಗೆ