ಬಣ್ಣ ಹಿಡಿಯದ ಸಾಲು

ಪ್ರಯೋಗಾಲಯದ ತಟ್ಟೆಯಲ್ಲಿ ಹನ್ನೊಂದನೇ ಹೊಸ ಔಷಧಿ ಹಾಕಿದ ಪುಟ್ಟ ಗುಳಿಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹಲ್ಲಿನ ಮೇಲೆ ಕ್ರಿಮಿಗಳು ಕಟ್ಟುವ ಲೋಳೆಪದರ ಇದ್ದಿದ್ದರೆ ನೇರಳೆ ಬಣ್ಣ ಹಿಡಿಯಬೇಕಿತ್ತು. ಇಲ್ಲಿ ಚೂರೂ ಇಲ್ಲ. ಪದರ ಕಟ್ಟಗೊಡದ ಔಷಧಿ, ಎರಡು ವರ್ಷ ಹುಡುಕಿದ್ದು, ಕೊನೆಗೂ ಸಿಕ್ಕಿತು ಎಂದು ಕುಣಿಯುವಷ್ಟರಲ್ಲಿ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಅದಕ್ಕೆ ನಾನು ಔಷಧಿಯನ್ನೇ ಹಾಕಿರಲಿಲ್ಲ. ನೇರಳೆಯಾಗಲೇಬೇಕಿದ್ದ ಅದೂ ಬೆಳ್ಳಗಿತ್ತು!

ನನ್ನ ಅನುಮಾನ ನೇರ ನೀರಕ್ಕನ ಮೇಲೆ ಹೋಯಿತು. ತಟ್ಟೆ ತೊಳೆದು ಬಣ್ಣ ಹಾಕುವವಳು ಅವಳೇ. ಸದಾ ಸಿಂಕಿನ ಮುಂದೆ ನಿಂತಿರುತ್ತಾಳೆಂದು ಆ ಅಡ್ಡಹೆಸರು. ಗಸಗಸ ತೊಳೆದು ಪದರವನ್ನೇ ಎಬ್ಬಿಸಿದ್ದಾಳೆ, ಇನ್ನೇನು!

“ಎಷ್ಟು ಸಲ ತೊಳೆದ್ರಿ?”

“ಎರಡೇ ಸಲ, ಮೇಡಂ. ಮೆತ್ತಗೆ.”

“ನನ್ನ ಕಿವಿಮೇಲೆ ಹೂವಿಡಬೇಡಿ.”

“ನಾನ್ಯಾಕೆ ಸುಳ್ಳು ಹೇಳ್ಲಿ? ಇದು ನನ್ನ ಹೊಟ್ಟೆಪಾಡು.”

ನನಗೆ ಮೈಯೆಲ್ಲ ಉರಿಯಿತು. ಇವಳನ್ನು ಕೆಲಸದಿಂದ ತೆಗೆಯಿರಿ ಎಂದು ಪತ್ರ ಬರೆದು, ರಜೆ ಮುಗಿಸಿ ನಾಳೆ ಬರಲಿದ್ದ ನಿರ್ದೇಶಕರ ಮೇಜಿನ ಮೇಲಿಟ್ಟು ಬಂದೆ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳಿದರು: “ನನ್ನ ಎಂಜಲು ಪಾಸಾಯ್ತಾ?”

ಗುಳಿಗಳ ಒಳಗೆ ಬಳಿಯಲು ಎಂಜಲು ಬೇಕು. ಆಗಲೇ ಕ್ರಿಮಿಗಳು ಹಲ್ಲಿಗೆ ಅಂಟುವಂತೆ ಅಲ್ಲೂ ಅಂಟುವುದು. ಈ ಸಲ ಕೊಟ್ಟವರು ಅತ್ತೆ. ಬೆಳಗ್ಗೆ ಬಾಯಿ ತೊಳೆಯದೆ ಶೀಶೆಗೆ ಉಗಿಯಿರಿ ಎಂದು ಸಾರಿ ಸಾರಿ ಹೇಳಿದ್ದೆ.

“ಬಾಯಿ ತೊಳ್ದಿರ್ಲಿಲ್ಲ ತಾನೇ?”

ಅತ್ತೆ ಕನ್ನಡಕ ಒರೆಸತೊಡಗಿದರು.

“ಅತ್ತೆ!”

“ಮೂರೇ ಮೂರು ಸಲ ಕಣೇ. ಬಚ್ಚಲಲ್ಲಿರೋ ಆ ನೀಲಿ ಔಷಧಿಲಿ ಬಾಯಿ ಮುಕ್ಕಳಿಸ್ದೆ. ನಿಮ್ಮಾಫೀಸಿನವರು ಮೂಗು ಮುಚ್ಕೋಬಾರ್ದಲ್ಲ? ಹೋದ ತಿಂಗಳು ನೆಂಟರ ಎದುರಿಗೇ ಅಂದೆಯಲ್ಲ, ನನ್ನ ಬಾಯಿ ನಾರುತ್ತೆ ಅಂತ.”

ಆ ನೀಲಿ ಔಷಧಿ ಬೆರೆತ ಎಂಜಲು ಬಳಿದ ಗುಳಿಯಲ್ಲಿ ಯಾವ ಕ್ರಿಮಿ ತಾನೇ ಬದುಕೀತು! ನೀರಕ್ಕನ ತಪ್ಪೇನೂ ಇರಲಿಲ್ಲ. ನೆಂಟರೆದುರು ಹಾಗೆ ಅಂದಿದ್ದೂ ಹೌದು. ತಮಾಷೆಗೆ ಅಂದಿದ್ದೆ, ಎಲ್ಲರೂ ನಕ್ಕಿದ್ದರು. ಅತ್ತೆ ನಕ್ಕರೋ ಇಲ್ಲವೋ ನಾನು ನೋಡಿರಲಿಲ್ಲ. ಭೂಮಿಗೆ ಇಳಿದುಹೋದೆ.

“ತಪ್ಪಾಯ್ತು ಅತ್ತೆ,” ಎಂದೆ. ಅವರು ಕನ್ನಡಕ ಒರೆಸುತ್ತಲೇ ಇದ್ದರು.

ಮರುದಿನ ನಿರ್ದೇಶಕರಿಗಿಂತ ಮೊದಲೇ ಓಡಿಹೋಗಿ ಪತ್ರ ಹರಿದೆ. ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಸಿಂಕಿನ ಬಳಿ ನಿಂತು ಎಲ್ಲವನ್ನೂ ಹೇಳಿದೆ, ಪತ್ರದ ವಿಷಯವನ್ನೂ ಬಿಡಲಿಲ್ಲ. ನೀರಕ್ಕ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

“ಮತ್ತೆ ಮಾಡೋವಾಗ ಎಂಜಲು ಯಾರದು?” ಎಂದಳು.

“ನಂದೇ.”

ಅವಳು ಹೊಸ ಶೀಶೆಯೊಂದನ್ನು ತೆಗೆದು ತನ್ನ ಜೇಬಿಗೇ ಹಾಕಿಕೊಂಡಳು.

“ನಾಳೆ ಬಾಯಿ ತೊಳೀದೆ ಬನ್ನಿ. ಇಲ್ಲೇ, ನನ್ನೆದುರಿಗೇ ಉಗೀಬೇಕು. ಮನೇಲಿ ತುಂಬಿಸ್ಕೊಂಡು ಬಂದ್ರೆ ನಾನು ನಂಬಲ್ಲ.”